ಎರಡು ಗಾಜುಗಳ ನಡುವಿನ ಪದರ

ಕಳೆದ ಜನವರಿಯ ಒಂದು ಶನಿವಾರ ಸಂಜೆ, ನಮ್ಮ ಕನ್ನಡ ಕೂಟದ ಸಂಕ್ರಾಂತಿ ಸಮಾರಂಭಕ್ಕೆಂದು ಸಂಸಾರ ಸಮೇತ ಹೊರಟಿದ್ದೆವು. ಮಡದಿಯ ತೊಡೆಯ ಮೇಲೆ ಎಳ್ಳು-ಬೆಲ್ಲದ ಡಬ್ಬ, ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು. ಐ-75 ಹೆದ್ದಾರಿಯಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಟ್ರಕ್ಕಿನ ಚಕ್ರದಿಂದ ಕಲ್ಲೊಂದು ಸಿಡಿದು ಕಾರಿನ ಮುಂಗಾಜಿಗೆ 'ಠಪ್' ಎಂದು ಬಡಿಯಿತು. ನೋಡನೋಡುತ್ತಿದ್ದಂತೆಯೇ ಗಾಜಿನ ಮೇಲೆ ಜೇಡರ ಬಲೆಯಂತೆ ಬಿರುಕು ಹರಡಿತು. ಆದರೆ ಒಂದೇ ಒಂದು ಚೂರೂ ಒಳಗೆ ಬೀಳಲಿಲ್ಲ. ಡಬ್ಬದ ಮುಚ್ಚಳ ಕೂಡ ಅಲುಗಲಿಲ್ಲ.

ಎದೆಬಡಿತ ಸ್ವಲ್ಪ ಇಳಿದ ಮೇಲೆ ದೊಡ್ಡ ಮಗ ಕೇಳಿದ: "ಅಪ್ಪಾ, ಗಾಜು ಒಡೆದರೂ ಯಾಕೆ ಬೀಳಲಿಲ್ಲ?"

"ಅದು ಒಂದು ಗಾಜಲ್ಲಪ್ಪ, ಎರಡು. ಮಧ್ಯೆ ಅಂಟಿನಂಥ ಒಂದು ಪದರ ಇದೆ. ಅದು ಚೂರುಗಳನ್ನು ಹಿಡಿದುಕೊಂಡಿದೆ."

"ಹಾಗಾದರೆ ಅಂಟು ಇನ್ನೂ ಗಟ್ಟಿ ಇದ್ದರೆ ಇನ್ನೂ ಒಳ್ಳೇದಲ್ವಾ?"

ಇಂಥ ಪದರಗಳನ್ನು ಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ತಿಳಿದದ್ದು ಡಾಕ್ಟರೇಟ್ ಪಡೆದು ಎಷ್ಟೋ ವರ್ಷಗಳಾದ ಮೇಲೆ. ಅದೂ ಒಂದು ತಪ್ಪು ಮಾಡಿ. ಸಮಾರಂಭದ ಊಟದ ಹೊತ್ತಿನಲ್ಲಿ ಈ ಮಾತು ಬಂದಾಗ ನಮ್ಮ ಸಂಪಾದಕರು, "ಇದನ್ನೇ ಬರೆದುಕೊಡಿ, ಮಕ್ಕಳಿಗೂ ದೊಡ್ಡವರಿಗೂ ಆಗುತ್ತದೆ" ಎಂದು ಪಟ್ಟು ಹಿಡಿದರು. ಅದರ ಫಲ ಈ ಲೇಖನ. ರಸಾಯನಶಾಸ್ತ್ರವೆಂದು ಯಾರೂ ಹೆದರಿ ಪುಟ ತಿರುವಬಾರದಾಗಿ ಪ್ರಾರ್ಥನೆ.

ಒಡೆದೂ ಒಡೆಯದ ಸೀಸೆ

ಕಥೆ ಆರಂಭವಾಗುವುದು ಫ್ರಾನ್ಸಿನಲ್ಲಿ, 1903ರಲ್ಲಿ. ಎದುವಾರ್ ಬೆನೆಡಿಕ್ಟಸ್ ಎಂಬಾತ ಕಲಾವಿದನೂ ಹೌದು, ರಸಾಯನವಿಜ್ಞಾನಿಯೂ ಹೌದು. ಒಂದು ದಿನ ಪ್ರಯೋಗಶಾಲೆಯಲ್ಲಿ ಈತನ ಕೈಯಿಂದ ಗಾಜಿನ ಸೀಸೆಯೊಂದು ಜಾರಿ ನೆಲಕ್ಕೆ ಬಿತ್ತು. ಬಿರುಕು ಬಿಟ್ಟಿತಾದರೂ ಚೂರುಚೂರಾಗಿ ಚೆದುರಲಿಲ್ಲ. ಎತ್ತಿ ನೋಡಿದರೆ, ಹಿಂದೊಮ್ಮೆ ಅದರಲ್ಲಿ ತುಂಬಿಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ, ಒಳಗೋಡೆಗೆ ತೆಳುವಾದ ಪೊರೆಯಾಗಿ ಅಂಟಿಕೊಂಡಿತ್ತು. ಮೋಟಾರು ಕಾರುಗಳು ಆಗತಾನೇ ರಸ್ತೆಗೆ ಇಳಿದಿದ್ದ ಕಾಲ. ಅಪಘಾತವಾದರೆ ಡಿಕ್ಕಿಗಿಂತ ಹೆಚ್ಚಾಗಿ ಗಾಜಿನ ಚೂರುಗಳೇ ಜನರ ಮುಖ ಕತ್ತುಗಳನ್ನು ಸೀಳುತ್ತಿದ್ದುವು. ಅಂಥ ಸುದ್ದಿಯೊಂದನ್ನು ಓದಿದಾಗ ಬೆನೆಡಿಕ್ಟಸ್‌ಗೆ ಆ ಸೀಸೆಯ ನೆನಪಾಯಿತಂತೆ. ಎರಡು ಗಾಜುಗಳ ಮಧ್ಯೆ ಪೊರೆಯನ್ನಿಟ್ಟು ಒತ್ತಿ ಮಾಡಿದ ಗಾಜಿಗೆ 1909ರಲ್ಲಿ ಪೇಟೆಂಟು ಪಡೆದ. ಒಟ್ಟು ಮೂರು ಪದರಗಳಿದ್ದುದರಿಂದ ಅದಕ್ಕೆ 'ಟ್ರಿಪ್ಲೆಕ್ಸ್' ಎಂಬ ಹೆಸರು ಬಂತು.

ಮೊದಲನೆಯ ಮಹಾಯುದ್ಧದಲ್ಲಿ ಈ ಗಾಜು ವಿಷಾನಿಲದ ಮುಖವಾಡಗಳ ಕಣ್ಣುಗಳಿಗೆ ಉಪಯೋಗವಾಯಿತು. 1920ರ ದಶಕದ ಕೊನೆಯಲ್ಲಿ ಹೆನ್ರಿ ಫೋರ್ಡ್ ತನ್ನ ಮಾಡೆಲ್-ಎ ಕಾರಿಗೆ ಇದನ್ನು ಹಾಕಿಸಿದ. ಆದರೆ ಸೆಲ್ಯುಲೋಸ್ ನೈಟ್ರೇಟ್ ಬಿಸಿಲಿಗೆ ಹಳದಿಯಾಗುತ್ತಿತ್ತು, ಚಳಿಗೆ ಪೆಡಸಾಗುತ್ತಿತ್ತು. ಅದರ ನಂತರ ಬಂದ ಸೆಲ್ಯುಲೋಸ್ ಅಸಿಟೇಟ್ ಹಳದಿಯಾಗದಿದ್ದರೂ ಚಳಿಯಲ್ಲಿ ಸೋಲುತ್ತಿತ್ತು. 1930ರ ದಶಕದ ಕೊನೆಯ ಭಾಗದಲ್ಲಿ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಹೊಸ ವಸ್ತು ಬಂತು. ಇಂದಿಗೂ ಕಾರುಗಳ ಮುಂಗಾಜಿನ ಒಳಗೆ ಹೆಚ್ಚಾಗಿ ಇರುವುದು ಇದೇ. ಗಾಜಿನ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳೂ ಈ ಪಾಲಿಮರಿನಲ್ಲಿ ಉಳಿದಿರುವ ಹೈಡ್ರಾಕ್ಸಿಲ್ ಗುಂಪುಗಳೂ ಪರಸ್ಪರ ಕೈ ಹಿಡಿಯುತ್ತವೆ. ಒಂದೊಂದು ಹಿಡಿತವೂ ದುರ್ಬಲ. ಆದರೆ ಲೆಕ್ಕವಿಲ್ಲದಷ್ಟು ಕೈಗಳು! ಸಾವಿರ ಜನ ಸೇರಿ ಎಳೆಯುವ ತೇರಿನ ಹಗ್ಗದಂತೆ.

ಹತ್ತಕ್ಕೆ ಹತ್ತು ಬಂದರೆ ಫೇಲು

ಈಗ ನನ್ನ ಮಗನ ಪ್ರಶ್ನೆಗೆ ಬರೋಣ. ಅಂಟು ಗಟ್ಟಿಯಾದಷ್ಟೂ ಒಳ್ಳೆಯದಲ್ಲವೆ?

ಅಲ್ಲ. ಅಂಟು ತೀರಾ ಸಡಿಲವಾದರೆ ಗಾಜಿನ ಚೂರುಗಳು ಕಳಚಿ ಹಾರುತ್ತವೆ. ಇದು ಎಲ್ಲರಿಗೂ ತಿಳಿಯುವ ಮಾತು. ಆದರೆ ಅಂಟು ತೀರಾ ಬಿಗಿಯಾದರೆ ಏನಾಗುತ್ತದೆ? ಗಾಜು ಬಿರುಕು ಬಿಟ್ಟ ಗೆರೆಯಲ್ಲಿ ಮಾತ್ರ ಪದರಕ್ಕೆ ಹಿಗ್ಗಲು ಅವಕಾಶ. ಉಳಿದ ಕಡೆ ಗಾಜು ಅದನ್ನು ಅಲುಗಲು ಬಿಡುವುದಿಲ್ಲ. ಕೂದಲೆಳೆಯಷ್ಟು ಅಗಲದ ಜಾಗದಲ್ಲಿ ಎಲ್ಲ ಎಳೆತವೂ ಕೂಡಿಕೊಂಡು ಪದರ ಸರಕ್ಕನೆ ಹರಿಯುತ್ತದೆ. ತಲೆ ಗಾಜನ್ನು ತೂರಿ ಆಚೆ ಹೋಗುತ್ತದೆ. ವಾಪಸು ಬರುವಾಗ ಕತ್ತು ಚೂಪಾದ ಅಂಚಿಗೆ ಸಿಕ್ಕುತ್ತದೆ. ಹದವಾದ ಅಂಟು ಬಿರುಕಿನ ಎರಡೂ ಕಡೆ ಕೆಲವು ಮಿಲಿಮೀಟರಿನಷ್ಟು ಬಿಟ್ಟುಕೊಡುತ್ತದೆ. ಬಿಡುಗಡೆಯಾದ ಆ ಅಗಲದ ಪದರ ರಬ್ಬರಿನಂತೆ ಹಿಗ್ಗಿ, ಡಿಕ್ಕಿಯ ಶಕ್ತಿಯನ್ನು ನುಂಗಿ, ತಲೆಯನ್ನು ತೊಟ್ಟಿಲ ಬಟ್ಟೆಯಂತೆ ಹಿಡಿಯುತ್ತದೆ.

ಅದಕ್ಕಾಗಿ ಪದರವನ್ನು ತಯಾರಿಸುವಾಗ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ಅಂಟನ್ನು ಬೇಕೆಂದೇ ಕುಗ್ಗಿಸುತ್ತೇವೆ. ಪದರದಲ್ಲಿರುವ ನೀರಿನ ಅಂಶವನ್ನೂ ಶೇಕಡಾ ಅರ್ಧದ ಆಸುಪಾಸಿನಲ್ಲಿ ಹಿಡಿದಿಡುತ್ತೇವೆ. ಆಮೇಲೆ ಮಾದರಿಯನ್ನು ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ, ಸುತ್ತಿಗೆಯಿಂದ ಜಜ್ಜಿ, ಎಷ್ಟು ಗಾಜು ಅಂಟಿಕೊಂಡು ಉಳಿಯಿತೆಂದು ನೋಡಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತೇವೆ. ಮುಂಗಾಜಿಗೆ ಬೇಕಾದದ್ದು ನಡುವಿನ ಅಂಕ. ಹತ್ತಕ್ಕೆ ಹತ್ತು ಬಂದರೆ ಫೇಲು! ಈ ಮಾತನ್ನು ನಮ್ಮ ಕೂಟದ ಯಾವ ತಾಯಿತಂದೆಗೂ ನಂಬಿಸುವುದು ಕಷ್ಟ.

ಈ ವಿವೇಕ ಬರಲು ಅರ್ಧ ಶತಮಾನವೇ ಹಿಡಿಯಿತು. ಮೊದಮೊದಲು ಪದರದ ದಪ್ಪ 0.38 ಮಿಲಿಮೀಟರ್ ಇತ್ತು. ನಮ್ಮ ಡೆಟ್ರಾಯಿಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಲೆಗೆ ಬೀಳುವ ಪೆಟ್ಟುಗಳ ಬಗ್ಗೆ ವರ್ಷಗಟ್ಟಲೆ ನಡೆದ ಸಂಶೋಧನೆಯೂ ಈ ದಿಕ್ಕಿನಲ್ಲಿ ಕಣ್ಣು ತೆರೆಸಿತು. 1966ನೇ ಮಾದರಿಯ ಅಮೆರಿಕದ ಕಾರುಗಳಲ್ಲಿ ಪದರದ ದಪ್ಪ ಎರಡು ಪಟ್ಟಾಗಿ 0.76 ಮಿಲಿಮೀಟರ್ ಆಯಿತು. ಅಂಟಿನ ಹದವೂ ಬದಲಾಯಿತು. ಇಂಥ ಗಾಜಿನ ಮೇಲೆ 2.27 ಕಿಲೋಗ್ರಾಂ ತೂಕದ ಉಕ್ಕಿನ ಗುಂಡನ್ನು 3.66 ಮೀಟರ್ ಎತ್ತರದಿಂದ ಬೀಳಿಸಿದರೂ ಅದು ತೂರಿ ಹೋಗಬಾರದು ಎಂಬುದು ಪರೀಕ್ಷೆ.

ರಂಗೋಲಿಯ ಚುಕ್ಕಿಗಳು

ಪ್ರತಿ ಸಲವೂ ಗಾಜು ಮಾಡಿ ಒಡೆಯುವುದು ದುಬಾರಿ. ಒಡೆಯುವ ಮೊದಲೇ ಲೆಕ್ಕ ಹಾಕಿ ಹೇಳಲಾಗದೆ? ಈ ಆಸೆಯ ಇತಿಹಾಸವೇ ಬೇರೆ.

1943ರಲ್ಲಿ ರಿಚರ್ಡ್ ಕೂರಾಂಟ್ ಎಂಬ ಗಣಿತಜ್ಞ, ಒಂದು ಆಕಾರವನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಕಷ್ಟದ ಸಮೀಕರಣಗಳನ್ನು ಬಿಡಿಸಬಹುದೆಂದು ತೋರಿಸಿದ. 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರಚನೆಗಳಿಗೆ ಹೊಂದುವ ಇಂಥದೇ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು ಕ್ಲಫ್ 1960ರಲ್ಲಿ ಇಟ್ಟ. ನಮ್ಮ ಹೆಂಗಸರು ಚುಕ್ಕಿ ರಂಗೋಲಿ ಹಾಕುವುದನ್ನು ನೆನೆಸಿಕೊಳ್ಳಿ. ಮೊದಲು ಚುಕ್ಕಿ, ಆಮೇಲೆ ಗೆರೆ, ಗೆರೆಗಳ ನಡುವೆ ಪುಟ್ಟ ಪುಟ್ಟ ಮನೆಗಳು. ಇಡೀ ಗಾಜನ್ನು ಹೀಗೆ ಸಾವಿರಾರು ಮನೆಗಳಾಗಿ ಒಡೆದು, ಪ್ರತಿ ಚುಕ್ಕಿ ಎತ್ತ ಎಷ್ಟು ಸರಿಯಿತು ಎಂದು ಗಣಕಯಂತ್ರ ಲೆಕ್ಕ ಹಾಕುತ್ತದೆ.

ಡಿಕ್ಕಿಯ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ಕಾಲವನ್ನೂ ತುಣುಕು ಮಾಡಬೇಕು. ಶಬ್ದದ ಅಲೆ ಅತಿ ಚಿಕ್ಕ ಮನೆಯನ್ನು ದಾಟುವ ಹೊತ್ತಿಗಿಂತ ಆ ತುಣುಕು ದೊಡ್ಡದಾಗಿರಬಾರದು. ಗಾಜಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5500 ಮೀಟರ್. ಮನೆಯ ಅಳತೆ 5 ಮಿಲಿಮೀಟರ್ ಇದ್ದರೆ ಕಾಲದ ತುಣುಕು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮುಗಿಯುವ ಡಿಕ್ಕಿಗೆ ಹತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ!

ಈ ಕೆಲಸಕ್ಕೆ ಹೆಸರಾದ ಕಾರ್ಯಕ್ರಮ ಹುಟ್ಟಿದ್ದು ಕಾರಿಗಾಗಿ ಅಲ್ಲ, ಬಾಂಬಿಗಾಗಿ. ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಎಂಬಾತ 1976ರಲ್ಲಿ 'ಡೈನ-ತ್ರೀಡಿ'ಯನ್ನು ಬರೆದ. ಕೆಳಮಟ್ಟದಲ್ಲಿ ಹಾರುವ ವಿಮಾನದಿಂದ ಬೀಳಿಸಿದ ಅಣುಬಾಂಬು ನೆಲಕ್ಕೆ ಅಪ್ಪಳಿಸಿದಾಗ ಏನಾಗುತ್ತದೆಂಬುದು ಅದರ ಮೊದಲ ಪ್ರಶ್ನೆ. ಅದು ಮುಂದೆ ಸಾರ್ವಜನಿಕರಿಗೂ ಸಿಕ್ಕಿ, ಜಗತ್ತಿನ ಕಾರು ತಯಾರಕರ ಕೈಗೆ ಬಂತು. 1987ರಲ್ಲಿ ಹಾಲ್‌ಕ್ವಿಸ್ಟ್ ಸ್ವಂತ ಸಂಸ್ಥೆ ಕಟ್ಟಿದ. ಆ ಕಾರ್ಯಕ್ರಮವೇ 'ಎಲ್‌ಎಸ್-ಡೈನ' ಎಂದು ಪ್ರಸಿದ್ಧವಾಯಿತು. ಯುರೋಪಿನಲ್ಲಿ 'ಪ್ಯಾಮ್-ಕ್ರ್ಯಾಶ್' ಬೆಳೆಯಿತು. ಫೋಕ್ಸ್‌ವ್ಯಾಗನ್ ಪೋಲೊ ಕಾರು ಗೋಡೆಗೆ ಗುದ್ದುವ ಲೆಕ್ಕವನ್ನು ಆರು ಸಾವಿರಕ್ಕೂ ಕಡಿಮೆ ಮನೆಗಳಲ್ಲಿ ಮಾಡಿದ ವರದಿ 1986ರಲ್ಲಿ ಪ್ರಕಟವಾಯಿತು. ಇಂದು ಲಕ್ಷಾಂತರ ಮನೆಗಳ ಲೆಕ್ಕ ಸಾಮಾನ್ಯ.

ಬ್ರಹ್ಮಗಂಟು

ಹಾಗಾದರೆ ಅಂಟನ್ನು ಈ ರಂಗೋಲಿಯಲ್ಲಿ ತೋರಿಸುವುದು ಹೇಗೆ? ಅತಿ ತೆಳುವಾದ ಪದರವನ್ನು ದಪ್ಪದ ದಿಕ್ಕಿನಲ್ಲೂ ಮನೆ ಮಾಡಿ ಒಡೆದರೆ ಮನೆಗಳು ಕಿರಿದಾಗುತ್ತವೆ, ಕಾಲದ ತುಣುಕೂ ಕಿರಿದಾಗುತ್ತದೆ, ಗಣಕಯಂತ್ರ ಮುಗಿಸುವುದೇ ಇಲ್ಲ. ಆದ್ದರಿಂದ ಎಂಜಿನಿಯರುಗಳು ಒಂದು ಸುಲಭ ದಾರಿ ಹಿಡಿದರು. ಒಂದು ಪದರದ ಚುಕ್ಕಿಗಳನ್ನು ಇನ್ನೊಂದು ಪದರದ ಮೈಗೆ ಕಟ್ಟಿಬಿಡುವುದು. ಅದು ಸರಿದರೆ ಇದೂ ಸರಿಯಬೇಕು. ಇದಕ್ಕೆ 'ಟೈಡ್ ಕಾಂಟ್ಯಾಕ್ಟ್' ಎಂದು ಹೆಸರು. ನಾನು ಇದನ್ನು ಬ್ರಹ್ಮಗಂಟು ಎನ್ನುತ್ತೇನೆ, ಏಕೆಂದರೆ ಎಷ್ಟೇ ಜಗ್ಗಿದರೂ ಅದು ಬಿಚ್ಚುವುದಿಲ್ಲ.

ಇದರಲ್ಲಿ ಎರಡು ಮೋಸಗಳಿವೆ. ಒಂದು: ಚುಕ್ಕಿಗಳು ಎದುರಿನ ಮೈಗೆ ಸಾಕಷ್ಟು ಹತ್ತಿರ ಇಲ್ಲದಿದ್ದರೆ ಗಣಕಯಂತ್ರ ಅವನ್ನು ಕಟ್ಟದೆ ಬಿಟ್ಟು, ಎಚ್ಚರಿಕೆಯ ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ನೂರಾರು ಪುಟದ ನಡುವೆ ಆ ಸಾಲನ್ನು ಓದುವವರು ಯಾರು? ಎರಡು: ಗಂಟು ಬಿದ್ದ ಕಡೆ ಅದು ಎಂದೂ ಬಿಚ್ಚದು. ನಿಜವಾದ ಅಂಟು ಬಿಚ್ಚಿಯೇ ಬಿಚ್ಚುತ್ತದೆ. ಮುಂಗಾಜಿನಲ್ಲಂತೂ ಅದು ಬಿಚ್ಚಲೆಂದೇ ನಾವು ಲವಣ ಬೆರೆಸಿರುತ್ತೇವೆ!

ನನ್ನ ತಪ್ಪಿನ ಕಥೆ ಇಲ್ಲಿ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಸ ಪದರವೊಂದನ್ನು ತಯಾರಿಸಿದ್ದೆವು. ಲೆಕ್ಕದ ವಿಭಾಗದ ಜೊತೆಗಾರ ಬ್ರಹ್ಮಗಂಟು ಹಾಕಿ, 10 ಮಿಲಿಮೀಟರಿನ ಮನೆಗಳಲ್ಲಿ ಲೆಕ್ಕ ಮಾಡಿದ. ಉಕ್ಕಿನ ಗುಂಡು ನಿಂತಿತು. ನನಗೆ ಪರಮಾನಂದ. ನಿಜವಾದ ಗಾಜಿನ ಮೇಲೆ ಗುಂಡು ಬೀಳಿಸಿದ ದಿನ, ಒಂದು ಮಾದರಿಯಲ್ಲಿ ಅದು ಪದರವನ್ನು ಹರಿದುಕೊಂಡು ಕೆಳಗಿನ ಪೆಟ್ಟಿಗೆಗೆ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ತಿಳಿಯಿತು: ಕೂದಲೆಳೆಯಷ್ಟು ಜಾಗದಲ್ಲಿ ಕೂಡಬೇಕಿದ್ದ ಎಳೆತವನ್ನು 10 ಮಿಲಿಮೀಟರಿನ ಮನೆ ತನ್ನ ಉದ್ದಕ್ಕೂ ಹಂಚಿ ತೆಳ್ಳಗೆ ಮಾಡಿತ್ತು. ಮನೆಯನ್ನು ಚಿಕ್ಕದು ಮಾಡಿದಂತೆಲ್ಲ ಉತ್ತರ ಬದಲಾಗುತ್ತಾ ಹೋಯಿತು.

ಜೊತೆಗಾರ ಬಿಚ್ಚುವ ಗಂಟು ಹಾಕಲು ಒಪ್ಪಿ, "ಅಂಟಿನ ಬಲ ಎಷ್ಟು, ಹೇಳು" ಎಂದ. ನಾನು ಹೆಮ್ಮೆಯಿಂದ ಒಂದು ಸಂಖ್ಯೆ ಕೊಟ್ಟೆ. ಅದು 23 ಡಿಗ್ರಿಯ ಕೋಣೆಯಲ್ಲಿ ನಿಮಿಷಕ್ಕೆ 50 ಮಿಲಿಮೀಟರಿನಂತೆ ನಿಧಾನವಾಗಿ ಸುಲಿದು ಅಳೆದದ್ದು. ಗುಂಡು ಬರುವುದು ಸೆಕೆಂಡಿಗೆ ಸುಮಾರು 8.5 ಮೀಟರ್ ವೇಗದಲ್ಲಿ, ಅಂದರೆ ಹತ್ತು ಸಾವಿರ ಪಟ್ಟು ಜೋರಾಗಿ. ನಿಧಾನವಾಗಿ ಎಳೆದರೆ ಬೆಲ್ಲದ ಪಾಕದಂತೆ ಹಿಗ್ಗುವ ಈ ವಸ್ತು ಥಟ್ಟನೆ ಎಳೆದರೆ ಪೆಡಸಾಗುತ್ತದೆ; ಮಿಷಿಗನ್ನಿನ ಚಳಿಯಲ್ಲಿ ಇನ್ನೂ ಪೆಡಸು. ಜೊತೆಗಾರನ ಗಂಟೂ ತಪ್ಪು, ನನ್ನ ಸಂಖ್ಯೆಯೂ ತಪ್ಪು. ಪರೀಕ್ಷೆ ಮಾಡದೆ ಹೋಗಿದ್ದರೆ ಆ ಗಾಜು ಯಾರದೋ ಕಾರಿಗೆ ಸೇರುತ್ತಿತ್ತು.

ಬಿಚ್ಚುವ ಗಂಟಿನ ವಿದ್ಯೆ

ಗಂಟು ಯಾವಾಗ ಬಿಚ್ಚಬೇಕು ಎಂಬುದಕ್ಕೂ ಹಿರಿಯರು ದಾರಿ ಹಾಕಿಟ್ಟಿದ್ದರು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಗ್ರಿಫಿತ್ ಎಂಬಾತ ಗಾಜಿನ ಮೇಲೆಯೇ ಪ್ರಯೋಗ ಮಾಡಿ, ಬಿರುಕು ಬೆಳೆಯುವುದು ಬಲದ ಪ್ರಶ್ನೆ ಮಾತ್ರವಲ್ಲ, ಶಕ್ತಿಯ ಪ್ರಶ್ನೆ ಎಂದು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ. ಹೊಸ ಮೇಲ್ಮೈ ಹುಟ್ಟಲು ಬೆಲೆ ತೆರಬೇಕು. ಆ ಬೆಲೆ ಸಂದರೆ ಮಾತ್ರ ಬಿರುಕು ಮುಂದೆ ಹೋಗುತ್ತದೆ. ಮುಂದೆ ರಷ್ಯದ ಬಾರೆನ್‌ಬ್ಲಾಟ್ ಮತ್ತು ಇಂಗ್ಲೆಂಡಿನ ಡಗ್‌ಡೇಲ್, 1960ರ ಆಸುಪಾಸಿನಲ್ಲಿ, ಬಿರುಕಿನ ತುದಿಯಲ್ಲಿ ಎರಡು ಮೈಗಳು ಒಮ್ಮೆಗೇ ಕೈಬಿಡುವುದಿಲ್ಲ, ಸ್ವಲ್ಪ ದೂರದವರೆಗೆ ಒಂದನ್ನೊಂದು ಎಳೆಯುತ್ತಲೇ ಇರುತ್ತವೆ ಎಂದು ಪ್ರತಿಪಾದಿಸಿದರು. ಸ್ವೀಡನ್ನಿನ ಹಿಲ್ಲರ್‌ಬೋರ್ಗ್ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಕಾಂಕ್ರೀಟಿನ ಲೆಕ್ಕಕ್ಕೆ ತಂದರು. 1987ರಲ್ಲಿ ಅಮೆರಿಕದ ನೀಡಲ್‌ಮನ್ ಎರಡು ವಸ್ತುಗಳ ನಡುವಿನ ಮೈ ಕಳಚಿಕೊಳ್ಳುವುದಕ್ಕೆ ಇದನ್ನು ಅನ್ವಯಿಸಿದ.

ಇದೇ ಇಂದಿನ 'ಕೊಹೀಸಿವ್' ವಿಧಾನ. ಗಂಟಿಗೆ ಎರಡು ಗುಣಗಳನ್ನು ಹೇಳಿಕೊಡುತ್ತೇವೆ: ಎಷ್ಟು ಎಳೆದರೆ ಸಡಿಲವಾಗಲು ಆರಂಭಿಸಬೇಕು, ಪೂರ್ತಿ ಬಿಚ್ಚುವವರೆಗೆ ಚದರ ಮೀಟರಿಗೆ ಎಷ್ಟು ಶಕ್ತಿ ನುಂಗಬೇಕು. ಸುಲಿಯುವ ಎಳೆತಕ್ಕೊಂದು ಬೆಲೆ, ಜಾರಿಸುವ ಎಳೆತಕ್ಕೊಂದು ಬೆಲೆ. ತುದಿಯ ಆ ಚಿಕ್ಕ ಪ್ರದೇಶದಲ್ಲಿ ಹಲವು ಮನೆಗಳು ಬರುವಷ್ಟು ರಂಗೋಲಿ ಒತ್ತಾಗಿದ್ದರೆ, ಮನೆಯ ಅಳತೆ ಬದಲಾದರೂ ಉತ್ತರ ಹೆಚ್ಚು ಬದಲಾಗದು. ಈ ಬೆಲೆಗಳನ್ನು ಡಿಕ್ಕಿಯ ವೇಗದಲ್ಲಿ, ಚಳಿಯಲ್ಲಿ, ಸೆಕೆಯಲ್ಲಿ ಅಳೆದುಕೊಡುವುದು ನಮ್ಮಂಥವರ ಕೆಲಸ.

ಅಂಟು ನಂಬಿ ಕೆಟ್ಟವರು

ಅಂಟು ಎಂದೂ ಬಿಡುವುದಿಲ್ಲ ಎಂದು ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ. ಎರಡನೆಯ ಮಹಾಯುದ್ಧದ 'ಮಸ್ಕಿಟೊ' ವಿಮಾನ ಮರದ್ದು. ಬರ್ಚ್ ಮರದ ಪ್ಲೈವುಡ್ಡುಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿ ಮಾಡಿದ್ದು. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಮಸ್ಕಿಟೊಗಳಲ್ಲಿ ಕೆಲವು ಹಾರಾಟದಲ್ಲೇ ರೆಕ್ಕೆ ಮುರಿದು ಬಿದ್ದುವು. ನಮ್ಮ ಮಳೆಗಾಲದ ತೇವಕ್ಕೆ ಮರ ಹಿಗ್ಗಿ ಕುಗ್ಗಿದ್ದೇ ಕಾರಣವೆಂದು ಒಂದು ವರದಿ. ತಯಾರಿಕೆಯಲ್ಲಿ ಅಂಟಿಸಿದ್ದೇ ಸರಿಯಿರಲಿಲ್ಲವೆಂದು ಇನ್ನೊಂದು. ಕೊನೆಗೆ ರೆಕ್ಕೆಯ ಜೋಡಣೆಯ ಉದ್ದಕ್ಕೂ ಪ್ಲೈವುಡ್ ಪಟ್ಟಿ ಹೊಡೆದು ಸರಿಪಡಿಸಿದರು.

ಇನ್ನೊಂದು ಘಟನೆ 1988ರ ಏಪ್ರಿಲ್ 28ರದ್ದು. ಹವಾಯಿಯಲ್ಲಿ ಹಿಲೊದಿಂದ ಹೊನೊಲುಲುವಿಗೆ ಹೊರಟ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ವಿಮಾನದ ಚಾವಣಿ 24,000 ಅಡಿ ಎತ್ತರದಲ್ಲಿ ಹಾರಿಹೋಯಿತು. ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ಉಳಿದವರು ಬದುಕಿದ್ದು ಪವಾಡವೇ ಸರಿ. 1969ರಲ್ಲಿ ತಯಾರಾದ ಆ ವಿಮಾನ 89,680 ಬಾರಿ ಹಾರಿತ್ತು. ಅದರ ತಗಡುಗಳನ್ನು ಅಂಟು ಮತ್ತು ರಿವೆಟ್ಟುಗಳೆರಡರಿಂದಲೂ ಸೇರಿಸಿದ್ದರು. ಅಂಟು ಸೇರಿಕೊಂಡು ಭಾರ ಹೊರಬೇಕೆಂಬುದು ಉದ್ದೇಶ. ಅಂಟು ಬಿಟ್ಟಾಗ ಭಾರವೆಲ್ಲ ರಿವೆಟ್ಟುಗಳ ಮೇಲೆ ಬಿತ್ತು. ರಂಧ್ರದಿಂದ ರಂಧ್ರಕ್ಕೆ ಬಿರುಕು ಬೆಳೆಯಿತು. ಹೊರಗಿನಿಂದ ನೋಡಿದರೆ ರಿವೆಟ್ಟು ಕಾಣುತ್ತದೆ, ಅಂಟು ಬಿಟ್ಟದ್ದು ಕಾಣುವುದಿಲ್ಲ.

ನಮ್ಮ ಬೆಂಗಳೂರಿಗೂ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಇಂಗಾಲದ ನಾರಿನ ಪದರಗಳಿಂದ ಆದವು. ಹಕ್ಕಿಯೋ ಕಲ್ಲೋ ಬಡಿದರೆ ಹೊರಮೈ ನುಣುಪಾಗಿಯೇ ಇದ್ದು ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಅಲ್ಲಿಯ ಎಂಜಿನಿಯರುಗಳೂ ನಮ್ಮ ಹಾಗೆಯೇ ಬಿಚ್ಚುವ ಗಂಟಿನ ಲೆಕ್ಕ ಮಾಡಬೇಕು.

ಕೊನೆಯ ಮಾತು

ಈಗ ಯಾರಾದರೂ ಡಿಕ್ಕಿಯ ಲೆಕ್ಕದ ಬಣ್ಣಬಣ್ಣದ ಚಿತ್ರ ತಂದು ತೋರಿಸಿದರೆ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಗಂಟು ಬಿಚ್ಚುವಂಥದೋ, ಬ್ರಹ್ಮಗಂಟೋ? ಅಂಟಿನ ಬಲವನ್ನು ಯಾವ ವೇಗದಲ್ಲಿ, ಯಾವ ಚಳಿಯಲ್ಲಿ ಅಳೆದಿರಿ? ಮನೆಯ ಅಳತೆಯನ್ನು ಅರ್ಧ ಮಾಡಿದರೆ ಉತ್ತರ ನಿಲ್ಲುತ್ತದೆಯೇ? ಇವಕ್ಕೆ ಉತ್ತರ ಸಿಕ್ಕ ಮೇಲೂ ಒಂದು ಗಾಜನ್ನು ನಿಜವಾಗಿ ಒಡೆದು ನೋಡೋಣ ಎನ್ನುತ್ತೇನೆ. ಜೊತೆಗಾರನಿಗೆ ಈಗ ಇದು ಬೇಸರವಲ್ಲ. ಗುಂಡನ್ನು ಅವನೇ ಎತ್ತಿ ಕೊಡುತ್ತಾನೆ.

ಓದುಗರಿಗೆ ಎರಡು ಉಪಯೋಗದ ಮಾತು. ಮುಂಗಾಜಿನಲ್ಲಿ ಸಣ್ಣ ಚಕ್ಕೆ ಎದ್ದರೆ ತಡಮಾಡದೆ ರಾಳ ತುಂಬಿಸಿ. ನೀರು, ಧೂಳು ಸೇರಿದ ಮೇಲೆ ರಾಳ ಹಿಡಿಯುವುದು ಕಷ್ಟ. ಚಳಿಗಾಲದ ಬೆಳಗ್ಗೆ ಹಿಮ ಕರಗಿಸಲೆಂದು ಗಾಜಿನ ಮೇಲೆ ಬಿಸಿನೀರು ಸುರಿಯಬೇಡಿ. ಇನ್ನು ಸೀಟುಬೆಲ್ಟು: ಗಾಜು ಎಷ್ಟೇ ಹದವಾಗಿದ್ದರೂ ತಲೆ ಅಲ್ಲಿಯವರೆಗೆ ಹೋಗದಿರುವುದೇ ಮೇಲು.

ಅಂದು ಹಾಗೂ ಹೀಗೂ ಸಮಾರಂಭ ತಲುಪಿ, ಎಲ್ಲರಿಗೂ ಎಳ್ಳು-ಬೆಲ್ಲ ಹಂಚಿದೆವು. ಮರುವಾರ ಗಾಜು ಬದಲಾಯಿಸುವಾಗ ಹಳೆಯದರ ಒಂದು ತುಂಡನ್ನು ಕೇಳಿ ಇಸಕೊಂಡೆ. ಮಗನೂ ನಾನೂ ಗ್ಯಾರೇಜಿನಲ್ಲಿ ಕೂತು, ಕನ್ನಡಕ, ಕೈಗವಸು ಹಾಕಿಕೊಂಡು, ಅದನ್ನು ಜಜ್ಜಿ ನೋಡಿದೆವು. ಬಿರುಕಿನ ಅಂಚಿನಲ್ಲಿ ಗಾಜು ಕೊಂಚ ಬಿಟ್ಟುಕೊಟ್ಟು, ಪದರ ಹಿಗ್ಗಿದ್ದು ಅವನ ಕಣ್ಣಿಗೇ ಕಂಡಿತು. "ಓ, ಅದಕ್ಕೇ ಸ್ವಲ್ಪ ಬಿಡಬೇಕು" ಎಂದ. ಆ ತುಂಡು ಈಗ ಅವನ ಮೇಜಿನ ಮೇಲಿದೆ. ಮುಂದಿನ ಸಮಾರಂಭಕ್ಕೆ ತರುತ್ತೇವೆ. ನಿಮ್ಮ ಮಕ್ಕಳೂ ನೋಡಲಿ.